ಊರ ನೀರು ನಿಲ್ಲಿಸಿದ ಹಾರ್ಡ್ ಡಿಸ್ಕ್

ಐವತ್ತು ವರ್ಷಗಳ ಹಿಂದೆ ಕಚೇರಿಯ ಸಾಹೇಬರು ನಮ್ಮೂರಿನ ಇಪ್ಪತ್ತಾರು ಮನೆಯವರಿಂದ, ಓದಿ ಹೇಳದ ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಮರುದಿನದಿಂದ ಭೀಮಾ ದಂಡೆಯ ಹನ್ನೆರಡು ಎಕರೆ ಹೊಲ ಆ ಇಪ್ಪತ್ತಾರು ಮನೆಯವರದಾಗಿರಲಿಲ್ಲ. ಕೆಲವು ವರ್ಷಗಳ ಮೇಲೆ ಆ ಕಾಗದವೂ ಕಡತದಲ್ಲಿರಲಿಲ್ಲ.

ಇನ್ನು ಚಂದ್ರಾಮನ ವಿಷಯ.

ಚಂದ್ರಾಮ ನಮ್ಮೂರಿಗೆ ನೀರು ಬಿಡುವವನು, ಪಂಚಾಯತಿಯ ವಾಟರ್‌ಮನ್. ಇಪ್ಪತ್ತೊಂಬತ್ತು ವರ್ಷಗಳಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೋಟರ್ ಹಾಕುತ್ತ ಬಂದಿದ್ದಾನೆ. ಸ್ವಂತ ಮಗಳ ಮದುವೆಯಲ್ಲಿ ಬುದ್ಧವಂದನೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋಗಿ, ಮೋಟರ್ ಹಾಕಿ ಬಂದು ಉಳಿದರ್ಧಕ್ಕೆ ಕೈಮುಗಿದವನು. ಲೋಕದಲ್ಲಿರುವುದೆಲ್ಲ ಪೈಪು, ವಾಲ್ವು ಮತ್ತು ಮೋಟರ್ ಎಂಬುದು ಅವನ ತತ್ವಶಾಸ್ತ್ರ. ಎದೆಯ ಆಪರೇಷನ್ ಮಾಡಿಸಿಕೊಂಡು ಬಂದ ಗುರಲಿಂಗಪ್ಪ ಮಾಸ್ತರರಿಗೆ, "ಪೈಪಿನ್ಯಾಗ ಕಸ ಕುಂತಿತ್ರಿ, ಅಷ್ಟ. ಇನ್ನ ಪ್ರೆಶರ್ ಛಲೋ ಬರ್ತದ" ಎಂದು ಧೈರ್ಯ ಹೇಳಿದ್ದು ಅವನೇ.

ಮಾಸ್ತರರು ನಮ್ಮ 'ಹೆಬ್ಬೆಟ್ಟು ಓದು ಬಳಗ'ದ ಅಧ್ಯಕ್ಷರು. ಬಳಗದಲ್ಲಿ ಹದಿನಾಲ್ಕು ಮಂದಿ ಇದ್ದೇವೆ, ನಿಯಮ ಒಂದೇ ಇದೆ. ಯಾವ ಕಾಗದವೇ ಬರಲಿ, ಗಟ್ಟಿಯಾಗಿ ಓದಬೇಕು. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ಒಬ್ಬನೇ ಒಬ್ಬ ತಿಳಿಯಲಿಲ್ಲ ಎಂದರೂ ಅದೇ ಪ್ಯಾರಾ ಮತ್ತೆ ಮೊದಲಿನಿಂದ. ಈ ಪದ್ಧತಿಯಲ್ಲಿ ನಾವು ಕರೆಂಟ್ ಬಿಲ್ಲಿನ ಹಿಂಬದಿಯನ್ನು ಕೂಡ ಓದಿದ್ದೇವೆ. ಮದುವೆ ಕಾರ್ಡು ಓದಿ ಮುಗಿಸುವಷ್ಟರಲ್ಲಿ ಮದುವೆಯೇ ಮುಗಿದುಹೋದದ್ದುಂಟು. ಊರವರು ನಗುತ್ತಾರೆ. ನಗಲಿ. ಓದದೆ ಒತ್ತಿದ ಒಂದು ಹೆಬ್ಬೆಟ್ಟಿನ ತೂಕ ಎಷ್ಟೆಂದು ನಮಗೆ ಗೊತ್ತು.

ಕಾಗದ ಕಳೆದರೂ ಒತ್ತಿದವರು ಇದ್ದರು. ಒಂಬತ್ತು ವರ್ಷಗಳ ಹಿಂದೆ ಬಳಗದವರು ಟೇಪ್ ರೆಕಾರ್ಡರ್ ಹಿಡಿದು ಹೊರಟೆವು. ಇಂಡಿಯಲ್ಲಿ ಮಗಳ ಮನೆ ಸೇರಿದವರು, ಬಾಗೇವಾಡಿಯಲ್ಲಿ ಹೋಟೆಲ್ ಹಿಂದೆ ಪಾತ್ರೆ ತೊಳೆಯುತ್ತಿದ್ದವರು, ಮುದ್ದೇಬಿಹಾಳದ ಆಸ್ಪತ್ರೆಯ ಮಂಚದ ಮೇಲಿದ್ದವರು, ಹೀಗೆ ಇಪ್ಪತ್ತಾರು ಮನೆಯ ಇಪ್ಪತ್ತಾರು ದನಿ ಹಿಡಿದು ತಂದೆವು. ಆ ದಿನ ಏನಾಯಿತು ಎಂದು ಅವರೇ ಹೇಳಿದ್ದು. ಅವರಲ್ಲಿ ಹತ್ತೊಂಬತ್ತು ಮಂದಿ ಈಗ ಇಲ್ಲ.

ದನಿಗಳನ್ನೆಲ್ಲ ಇಟ್ಟದ್ದು ಚಂದ್ರಾಮನ ಮನೆಯ ಸರ್ವರಿನಲ್ಲಿ. ಸಿಂದಗಿಯಲ್ಲಿ ಮುಚ್ಚಿದ ಒಂದು ಸೈಬರ್ ಅಂಗಡಿಯಿಂದ ತಂದ ಹಳೆಯ ಕಂಪ್ಯೂಟರ್ ಅದು. ಬುದ್ಧನ ಫೋಟೋದ ಕೆಳಗಿನ ಗೂಡಿನಲ್ಲಿ ಹಗಲಿರುಳು ಗುಂಯ್‌ಗುಡುತ್ತಿತ್ತು. ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ರೊಟ್ಟಿ ಬಡಿಯುತ್ತ ಫೋನಿನಲ್ಲಿ ಗುಂಡಿ ಒತ್ತಿದರೆ, ಸತ್ತ ತಾಯಿಯ ದನಿ ನಮ್ಮೂರಿನಿಂದ ಹೊರಟು ಅವಳ ಒಲೆಯ ಮುಂದೆ ಬರುತ್ತಿತ್ತು. ಇದು ಸಣ್ಣ ಮಾತಲ್ಲ. ಚಂದ್ರಾಮನಿಗೆ ಸ್ವಲ್ಪ ದೊಡ್ಡದೇ ಆಯಿತು. ಬಾಗಿಲಿಗೆ 'ಚಂದ್ರಾಮ, ಸರ್ವರ್ ಅಧಿಕಾರಿ' ಎಂದು ಬೋರ್ಡು ಬರೆಸಿದ.

"ನನ್ನ ಮನ್ಯಾಗನ ಇಡ್ರಿ. ಪಂಪ್ ಹೌಸಿನ ಲೈನಿಂದ ಕರೆಂಟ್ ಐತಿ ನನಗ. ಊರಾಗ ಹೋದ್ರೂ ಇಲ್ಲಿ ಹೋಗಂಗಿಲ್ಲ" ಎಂದು ಅವನು ಎದೆ ಉಬ್ಬಿಸಿ ಹೇಳಿದ್ದನ್ನು ಓದುಗರು ನೆನಪಿಡಬೇಕು.

ದನಿಯನ್ನು ಕೇಳಬಹುದು, ಇಳಿಸಿಕೊಂಡು ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನೂ ಅವನದೇ. "ನಳ ತಿರುವಿದ್ರ ಬರ್ತೈತಿ. ಮನಿಮನಿಗೆ ಟಾಕಿ ಯಾಕ ಬೇಕು? ನಿಂತ ನೀರು ಹೊಲಸು ಆಗ್ತೈತಿ." ಎರಡನೆಯ ಪ್ರತಿ ಮಾಡಿಡುವ ಠರಾವು ಮೂರು ವರ್ಷದಿಂದ ಬಳಗದ ಮುಂದಿತ್ತು. ಪ್ರತಿ ಸಭೆಯಲ್ಲೂ ಹಿಂದಿನ ಸಭೆಯ ನಡಾವಳಿ ಓದಿ ತಿಳಿದುಕೊಳ್ಳುವುದರೊಳಗೆ ಸಭೆ ಮುಗಿಯುತ್ತಿತ್ತು.

ಗುರುವಾರ ಆ ಹೊಲದ ವಿಚಾರಣೆ. ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅಧಿಕಾರಿಯೊಬ್ಬರು "ಆ ದನಿಗಳನ್ನು ತನ್ನಿ, ಕೇಳುತ್ತೇನೆ" ಎಂದಿದ್ದರು. ಮಂಗಳವಾರ ಬೆಳಿಗ್ಗೆ ಇಂಡಿಯಿಂದ, ಆ ಇಪ್ಪತ್ತಾರರಲ್ಲಿ ಒಬ್ಬಳ ಮಗಳು ರೇಣುಕಾಳ ಫೋನು ಬಂತು.

"ಚಂದ್ರಾಮಣ್ಣ, ನಮ್ಮವ್ವ ಅರ್ಧಕ್ಕ ನಿಂತಾಳೋ."

"ಎಲ್ಲಿ ನಿಂತಾಳ?"

"'ಕಾಗದದಾಗ ಏನೈತಿ ಅಂತ ಕೇಳಿದೆ' ಅಂತಾಳ, ಸುಮ್ಮನಾಗ್ತಾಳ. ಮತ್ತ ಮೊದಲಿಂದ ಹಚ್ಚಿದ್ರೂ ಅಲ್ಲೇ ನಿಲ್ತಾಳ."

ಚಂದ್ರಾಮ ಗೂಡಿನ ಹತ್ತಿರ ಹೋದ. ಪೆಟ್ಟಿಗೆಯೊಳಗಿಂದ ಟಕ್, ಟಕ್, ಕರ್ ಎಂಬ ಸದ್ದು. ಸ್ಟೀಲ್ ಗ್ಲಾಸು ತಂದು ಪೆಟ್ಟಿಗೆಗೆ ಆನಿಸಿ, ಇನ್ನೊಂದು ತುದಿಗೆ ಕಿವಿ ಕೊಟ್ಟ. ಪಂಪಿನ ರೋಗವನ್ನು ಅವನು ಪತ್ತೆ ಹಚ್ಚುವುದು ಹೀಗೆಯೇ.

"ಬೇರಿಂಗ್ ಹೋಗೇತಿ" ಎಂದು ತೀರ್ಪು ಕೊಟ್ಟ.

ಹೆಂಡತಿ ಸಾವಿತ್ರವ್ವ ಒಲೆಯ ಮುಂದಿನಿಂದಲೇ, "ನಿನಗ ಎಲ್ಲಾ ಬೇರಿಂಗ. ಮದ್ಲ ದಾನೇಶ್ವರಿಗೆ ಫೋನ್ ಮಾಡು" ಎಂದಳು.

ದಾನೇಶ್ವರಿ ಸಾವಿತ್ರವ್ವನ ಅಕ್ಕನ ಮಗಳು. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ. ಅವಳು ಫೋನಿನಲ್ಲಿ ಹೇಳಿದ್ದು ಮೂರು ಮಾತು: "ಕಾಕಾ, ಅದನ್ನ ಅಲುಗಾಡಿಸಬ್ಯಾಡ. ಆಫ್ ಮಾಡಬ್ಯಾಡ, ಒಮ್ಮೆ ನಿಂತ್ರ ಮತ್ತ ಏಳದನ ಇರಬಹುದು. ನಾಳೆ ಮುಂಜಾನೆ ಹೊಸಾ ಡಿಸ್ಕ್ ತಗೊಂಡು ಬರ್ತೇನಿ, ಅಲ್ಲಿಮಟ ಏನೇನು ನೋಡಬೇಕು ಅಂತ ಬರದು ಕಳಸ್ತೇನಿ."

ಅವಳು ಬರೆದು ಕಳಿಸಿದ್ದೇ ತಪ್ಪಾಯಿತು. ಬರೆದದ್ದು ಬಂದಮೇಲೆ ಬಳಗ ಸೇರಲೇಬೇಕಲ್ಲ.

ಹನ್ನೊಂದು ಗಂಟೆಗೆ ಹದಿನಾಲ್ಕು ಮಂದಿ ಚಂದ್ರಾಮನ ಪಡಸಾಲೆಯಲ್ಲಿ ಕುಳಿತೆವು. ಮಾಸ್ತರರು ಕನ್ನಡಕ ಏರಿಸಿ ಮೊದಲ ಸಾಲು ಓದಿದರು: "ಮೊದಲು ಯಾರೂ ಗಾಬರಿಯಾಗಬೇಡಿ."

"ಯಾರ ಗಾಬರಿ ಆಗ್ಯಾರ?" ಎಂದು ದುಂಡೇಶ ಎದ್ದುನಿಂತ. ದುಂಡೇಶ ಟ್ರ್ಯಾಕ್ಟರ್ ರಿಪೇರಿಯವನು. ಬಳಗದ ವಿರೋಧ ಪಕ್ಷ. "ಗಾಬರಿ ಆಗದವ್ರಿಗೆ ಗಾಬರಿ ಆಗಬ್ಯಾಡ ಅನ್ನೂದು ಎಂಥಾ ನ್ಯಾಯ?"

ಈ ಸಾಲಿನ ಮೇಲೆ ಇಪ್ಪತ್ತು ನಿಮಿಷ ಚರ್ಚೆಯಾಯಿತು. ಒಳಗೆ ಟಕ್, ಟಕ್, ಕರ್.

ಎರಡನೆಯ ಪ್ಯಾರಾ ವೈರಿನ ಬಗ್ಗೆ. ಡಿಸ್ಕಿನಿಂದ ಹೊರಟ ವೈರು ಸಡಿಲಾಗಿದೆಯೇ, ಕಣ್ಣಿನಿಂದ ನೋಡಬೇಕು, ಕೈ ಹಚ್ಚಬಾರದು. ನೋಡುವುದಕ್ಕೆ ಮೂವರ ಉಪಸಮಿತಿ ಮಾಡಿದೆವು. ಉಪಸಮಿತಿ ಟಾರ್ಚು ಹಿಡಿದು ನೋಡಿ, ವೈರು ಗಟ್ಟಿಯಾಗಿದೆ, ಆದರೆ ಒಳಗೆ ಒಂದು ಹಲ್ಲಿ ಮೊಟ್ಟೆ ಇದೆ ಎಂದು ವರದಿ ಒಪ್ಪಿಸಿತು. ಮೊಟ್ಟೆಯನ್ನು ನಡಾವಳಿಯಲ್ಲಿ ಸೇರಿಸಲಾಯಿತು.

ಆಗ ದುಂಡೇಶನ ಠರಾವು ಬಂತು. "ಚಂದ್ರಾಮ ಬೇರಿಂಗ್ ಅಂದಾನಿಲ್ಲ? ಒಂದ ಬೆರಳ ಗ್ರೀಸ್ ಹಾಕೂಣು. ನನ್ನ ಅಂಗಡ್ಯಾಗ ಐತಿ."

"ಹಾಕೂಣು" ಎಂದ ಚಂದ್ರಾಮ.

"ನನ್ನ ಹೆಣದ ಮ್ಯಾಲ ಹಾಕ್ರಿ" ಎಂದಳು ಸಾವಿತ್ರವ್ವ.

ಮತಕ್ಕೆ ಹಾಕಲಾಯಿತು. ಗ್ರೀಸಿನ ಪರ ಆರು, ವಿರುದ್ಧ ಎಂಟು. ಎರಡು ಮತಗಳಿಂದ ಇಪ್ಪತ್ತಾರು ದನಿಗಳು ಬದುಕಿದವು. ಪ್ರಜಾಪ್ರಭುತ್ವವನ್ನು ಹಗುರಾಗಿ ಮಾತಾಡುವವರು ಈ ಲೆಕ್ಕವನ್ನು ಗಮನಿಸಬೇಕು.

ನಾಲ್ಕನೆಯ ಪ್ಯಾರಾದ ಸರದಿ ಚಂದ್ರಾಮನದು. ಬೆರಳಿಟ್ಟು ಓದಿದ: "ಸರ್ವರ್ ತನಗಾದ ತೊಂದರೆಯನ್ನು ವೇಳೆಯ ಸಮೇತ ತಾನೇ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿ ತೆಗೆದು, ತೊಂದರೆ ಯಾವ ಯಾವ ವೇಳೆಗೆ ಆಗಿದೆ ನೋಡಿ."

"ತಿಳೀಲಿಲ್ಲ" ಎಂದ ದುಂಡೇಶ. ಚಂದ್ರಾಮ ಮತ್ತೆ ಓದಿದ. ದುಂಡೇಶ ಮತ್ತೆ ತಿಳಿಯಲಿಲ್ಲ ಎಂದ. ಮೂರನೆಯ ಸಲ ಓದುವಾಗ ಚಂದ್ರಾಮನ ಬೆರಳು 'ವೇಳೆ' ಎಂಬಲ್ಲಿ ನಿಂತಿತು. ಒಂದೇ ಓದಿಗೆ ಮುಂದೆ ಹೋಗಿದ್ದರೆ ಅದು ಅಲ್ಲಿ ನಿಲ್ಲುತ್ತಿರಲಿಲ್ಲ. ಅವನು ಪಟ್ಟಿ ತೆಗೆದ. ಏಳು ಗಂಟೆ ಎರಡು ನಿಮಿಷ. ನಾಲ್ಕು ಗಂಟೆ ಒಂದು ನಿಮಿಷ. ಏಳು ಗಂಟೆ ಐದು ನಿಮಿಷ. ನಾಲ್ಕು ಗಂಟೆ...

ಎದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ನೀರಿನ ಪುಸ್ತಕ ತಂದ. ಇಪ್ಪತ್ತೊಂಬತ್ತು ವರ್ಷದಿಂದ ಯಾರೂ ಕೇಳದಿದ್ದರೂ ಮೋಟರ್ ಹಾಕಿದ ವೇಳೆಯನ್ನು ಅವನು ಅದರಲ್ಲಿ ಬರೆಯುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟ. ವೇಳೆಗಳು ನಿಮಿಷ ತಪ್ಪದೆ ಕೂಡಿದವು.

"ಮಾಸ್ತರ" ಎಂದ ಚಂದ್ರಾಮ. "ಬೇರಿಂಗ್ ಅಲ್ರಿ. ನಾನ."

"ಏನಪಾ ನೀನು?"

"ನಾ ಮೋಟರ್ ಹಾಕಿದ ಕೂಡಲೆ ಈ ಲೈನಿನ್ಯಾಗ ಓಲ್ಟೇಜ್ ಕುಸೀತೈತಿ. ಆ ಹೊಡತಕ್ಕ ಇದು ಒಳಗ ಬಿಕ್ಕತೈತಿ. ದಿನಕ್ಕ ಎರಡ ಸಲ, ಎರಡ ವರ್ಷ. ಊರಿಗೆ ನೀರ ಕುಡಿಸಿ, ಇವ್ರ ಗಂಟಲಾ ಹಿಚಕೀನಿ ನಾ."

ಓಲ್ಟೇಜು ಕಾಯುವುದಕ್ಕೆ ಇನ್ವರ್ಟರ್ ಇರಲಿಲ್ಲವೇ? ಇತ್ತು. ಇಡೀ ಊರಿಗೆ ನೀರು ಬಿಡುವ ಚಂದ್ರಾಮನ ಮನೆಯ ಇನ್ವರ್ಟರಿನ ಬ್ಯಾಟರಿಯಲ್ಲಿ ನೀರು ಬತ್ತಿ ಎರಡು ವರ್ಷವಾಗಿತ್ತು.

ನಮ್ಮ ಚಂದ್ರಾಮನನ್ನು ನಾವು ಏನೆಲ್ಲ ಅಂದು ನಕ್ಕಿದ್ದೇವೆ. ಆದರೆ ಹತ್ತು ಕಾಲೇಜು ಓದಿದವರು ಕಂಪ್ಯೂಟರ್ ಬಿಚ್ಚಿ ಹುಡುಕುವುದನ್ನು ಅವನು ಒಂದು ಹರಕು ಪುಸ್ತಕದಿಂದ ಹುಡುಕಿದ. ಹುಡುಕಿದ್ದು ತನ್ನದೇ ತಪ್ಪೆಂದು ಗೊತ್ತಾದಾಗ ಪುಸ್ತಕವನ್ನು ಮುಚ್ಚಿಡಲಿಲ್ಲ. ಇಷ್ಟು ಮಾಡಿದ ಅಧಿಕಾರಿ ಯಾವುದಾದರೂ ಕಚೇರಿಯಲ್ಲಿದ್ದರೆ ತೋರಿಸಿ, ಬೋರ್ಡು ಬರೆಸಿಕೊಡುವ ಖರ್ಚು ನಮ್ಮದು.

ಆ ಸಂಜೆಯಿಂದಲೇ ಅವನು ಮೋಟರ್ ಹಾಕಲಿಲ್ಲ. ಟಾಕಿಯಲ್ಲಿ ಉಳಿದಿದ್ದ ನೀರನ್ನು ಬಿಟ್ಟ. ಯಾರಿಗೂ ಗೊತ್ತಾಗಲಿಲ್ಲ.

ಬುಧವಾರ ದಾನೇಶ್ವರಿ ನಸುಕಿನಲ್ಲೇ ಹೊರಟು, ಮುದ್ದೇಬಿಹಾಳದಿಂದ ಬಾಗೇವಾಡಿ, ಬಾಗೇವಾಡಿಯಿಂದ ಸಿಂದಗಿ, ಸಿಂದಗಿಯಿಂದ ನಮ್ಮೂರು ಎಂದು ಮೂರು ಬಸ್ಸು ಬದಲಿಸಿ, ಹೊಸ ಡಿಸ್ಕನ್ನು ಕೂಸಿನಂತೆ ಸೆರಗಿನಲ್ಲಿ ಸುತ್ತಿಕೊಂಡು ಇಳಿದಳು. ಹಳೆಯದಕ್ಕೂ ಹೊಸದಕ್ಕೂ ವೈರು ಜೋಡಿಸಿ, ಎಂಟೂವರೆಗೆ ನಕಲು ಶುರುಮಾಡಿದಳು.

"ಕಾಕಾ, ಕೆಟ್ಟ ಜಾಗಾ ಬಂದಲ್ಲೆ ನಿಂತು ನಿಂತು ಓದತೈತಿ. ಐದಾರು ತಾಸು ಬೇಕು. ನಡಬರಕ ಒಂದ್ ಸಲ ಓಲ್ಟೇಜ್ ಬಿದ್ರ ಮುಗೀತು."

"ಹೊಳಿ ದಾಟಿಸಿದಂಗ" ಎಂದ ಚಂದ್ರಾಮ. "ಒಬ್ಬೊಬ್ಬರ್ನ ಈ ದಂಡಿಗೆ ತರಬೇಕು. ಹರಿಗೋಲ ಅಲುಗಬಾರದು." ಪಂಪ್ ಹೌಸಿಗೆ ಹೋಗಿ, ಮೋಟರಿನ ಫ್ಯೂಜ್ ಕಿತ್ತು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಂದ. ಮುಖ ನೋಡಿದರೆ ತನ್ನ ಹಲ್ಲನ್ನೇ ಕಿತ್ತಂತಿತ್ತು.

ಊರಿಗೆ ಮೊದಲೇ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಹೇಳುವವರಿದ್ದೆವು. ಪ್ರಕಟಣೆಯ ಕರಡು ಬಳಗದ ಮುಂದೆ ಓದಲ್ಪಡುತ್ತಿತ್ತು. ಎರಡನೆಯ ಪ್ಯಾರಾದಲ್ಲಿದ್ದೆವು.

ಅಷ್ಟರಲ್ಲಿ ನಳದಲ್ಲಿ ಗಾಳಿ ಬಂತು. ಒಂಬತ್ತಕ್ಕೆ, ಮೋಟರ್ ಕೆಟ್ಟಿದೆ ಎಂದು ಸುದ್ದಿ. ಒಂಬತ್ತೂವರೆಗೆ, ಬೋರು ಬತ್ತಿದೆ. ಹತ್ತಕ್ಕೆ, ಚಂದ್ರಾಮ ಪಗಾರಕ್ಕಾಗಿ ಮುಷ್ಕರ ಹೂಡಿದ್ದಾನೆ. ಹತ್ತೂವರೆಗೆ ಅದು ಪಂಚಾಯತಿ ಮುಟ್ಟುವಾಗ, ಚಂದ್ರಾಮ ಟಾಕಿಯಲ್ಲಿ ಬಿದ್ದು ತೀರಿಕೊಂಡಿದ್ದ. ನಿನ್ನೆ ಸಂಜೆ ಆ ಟಾಕಿಯ ನೀರು ಕುಡಿದವರು ಬಾಯಲ್ಲಿ ಬೆರಳಿಟ್ಟು ವಾಂತಿ ಮಾಡಿಕೊಳ್ಳುತ್ತಿದ್ದರು.

ಮೊದಲು ಬಂದದ್ದು ಕೊಡ, ಬಕೀಟು ಹಿಡಿದ ನಲವತ್ತು ಹೆಣ್ಣುಮಕ್ಕಳು. ಮುಂದೆ ಪೀರಬಿ. ಅವಳ ನಾಲಿಗೆಗೆ ನಮ್ಮೂರಿನ ನಾಯಿಗಳೂ ದಾರಿ ಬಿಡುತ್ತವೆ.

"ಏ ಚಂದ್ರಾಮಣ್ಣ! ಬದುಕಿದ್ದೇನೋ? ಬದುಕಿದ್ರ ನೀರ ಬಿಡು, ಸತ್ತಿದ್ರ ಹಂಗಂತರ ಹೇಳು! ಮನ್ಯಾಗ ಅರಬಿ ನೆನೀಲಿಕ್ಕೆ ಹಾಕೀನಿ!"

"ಸಂಜೀತನಕ ತಡಿಯವಾ ಪೀರಬಿ. ಒಳಗ ಮಂದಿ ಹೊಳಿ ದಾಟಾಕತ್ತಾರ."

"ನಿನ್ನ ಮನ್ಯಾಗ ಯಾವ ಹೊಳಿ ಹರೀತದೋ? ಹರಿಯೂದಾದ್ರ ಒಂದ ಬಕೀಟ ನನಗೂ ಕೊಡು!"

ನಲವತ್ತು ಮಂದಿ ನಕ್ಕರು. ಅವರ ಹಿಂದೆಯೇ ಮೋಟರ್‌ಸೈಕಲ್ ನಿಂತಿತು. ಪಂಚಾಯತಿಯ ಪಿಡಿಒ ಅನಿಲಕುಮಾರ ಸಾಹೇಬರು ಇಳಿದರು. ಒಂದು ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಂದರಲ್ಲಿ ನೋಟೀಸು. ಸತ್ತಿದ್ದರೆ ಹಾರ, ಬದುಕಿದ್ದರೆ ನೋಟೀಸು. ಆಡಳಿತ ಎಂದರೆ ಹೀಗೆ ಎರಡಕ್ಕೂ ತಯಾರಿರಬೇಕು. ಚಂದ್ರಾಮ ಬಾಗಿಲಲ್ಲಿ ನಿಂತದ್ದು ಕಂಡು ಸಾಹೇಬರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಹಾರವನ್ನು ಗಾಡಿಯ ಹ್ಯಾಂಡಲಿಗೆ ತೂಗುಹಾಕಿ ನೋಟೀಸನ್ನು ಮುಂದೆ ಚಾಚಿದರು.

"ತಗೋ. ಸಹಿ ಮಾಡು. ಹೋಗಿ ಮೋಟರ್ ಹಾಕು."

ಚಂದ್ರಾಮ ಪೆನ್ನು ತೆಗೆದುಕೊಂಡ. ಇಪ್ಪತ್ತೊಂಬತ್ತು ವರ್ಷದಿಂದ ಸಾಹೇಬರು ಎಂದವರು ಏನು ಹೇಳಿದರೂ ಮಾಡಿದವನು ಅವನು. ಮಾಸ್ತರರು ಅವನ ಕೈಯಿಂದ ಕಾಗದ ಎತ್ತಿಕೊಂಡರು.

"ಓದೂಣ್ರಿ" ಎಂದರು.

ಒಳಗೆ ದಾನೇಶ್ವರಿ ಕೂಗಿದಳು: "ಹದಿನೈದ ಮಂದಿ ದಾಟ್ಯಾರ!"

ಆಮೇಲೆ ನಡೆದದ್ದನ್ನು ನಮ್ಮ ಬಳಗದ ಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಮಾಸ್ತರರು ವಿಷಯ ಓದಿದರು. ಮುಂದಿನವರು ಉಲ್ಲೇಖ ಓದಿದರು. 'ಉಲ್ಲೇಖ: ದೂರವಾಣಿ ಕರೆ' ಎಂದಿತ್ತು. ಯಾರ ಕರೆ, ಎಷ್ಟು ಗಂಟೆಗೆ, ಸತ್ತಿದ್ದಾನೆ ಎಂದ ಕರೆಯೋ ಬದುಕಿದ್ದಾನೆ ಎಂದ ಕರೆಯೋ ಎಂದು ಚರ್ಚೆಯಾಯಿತು. ಮೂರನೆಯ ಪ್ಯಾರಾ ದುಂಡೇಶನದು: "ಈ ನೋಟೀಸು ತಲುಪಿದ ಹತ್ತು ನಿಮಿಷದೊಳಗಾಗಿ ಮೋಟರ್ ಚಾಲೂ ಮಾಡತಕ್ಕದ್ದು."

"ತಿಳೀಲಿಲ್ಲ" ಎಂದ ದುಂಡೇಶ, ತಾನೇ ಓದಿದ್ದಕ್ಕೆ.

"ಏನ್ ತಿಳೀಲಿಲ್ಲ?" ಸಾಹೇಬರು ಗಡಿಯಾರ ನೋಡಿದರು.

"ತಲುಪೂದು ಅಂದ್ರ ಯಾವಾಗ್ರಿ? ಕೈಗೆ ಬಂದಾಗೋ, ತಲಿಗೆ ಹೋದಾಗೋ?"

"ಕೈಗೆ ಬಂದ್ರ ಮುಗೀತು!"

"ಹಂಗ ಅನಬ್ಯಾಡ್ರಿ ಸಾಹೇಬ" ಎಂದರು ಮಾಸ್ತರರು, ಮೆತ್ತಗೆ. "ಐವತ್ತ ವರ್ಷದ ಹಿಂದೂ ಹಿಂಗ ಅಂದಿದ್ರು. ದುಂಡೇಶ, ಮೊದಲಿಂದ ಓದು."

ಆ ಒಂದು ಹಾಳೆಯನ್ನು ನಾವು ಎರಡು ತಾಸು ಓದಿದೆವು. ಸಾಹೇಬರು ಮೊದಲು ನಿಂತಿದ್ದರು, ಆಮೇಲೆ ಕಟ್ಟೆಯ ಮೇಲೆ ಕುಳಿತರು, ಆಮೇಲೆ ಸಾವಿತ್ರವ್ವ ಕೊಟ್ಟ ಚಹಾ ಕುಡಿದರು. ಅದು ಊರಿನ ಕೊನೆಯ ತಂಬಿಗೆ ನೀರಿನ ಚಹಾ. ಪೀರಬಿ ಬಿಸಿಲಿನಲ್ಲಿ ಬೈಯುತ್ತಲೇ ಇದ್ದಳು. ಆದರೆ ಅಷ್ಟು ಹೊತ್ತಿಗೆ ಬೈಗುಳವನ್ನು ಸಾಹೇಬರಿಗೂ ಬಳಗಕ್ಕೂ ಸಮನಾಗಿ ಹಂಚುತ್ತಿದ್ದಳು.

ಒಂದು ಗಂಟೆಗೆ ದಾನೇಶ್ವರಿ ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿದ್ದವು. "ಇಪ್ಪತ್ತೆರಡ ಮಂದಿ ಬಂದಾರ. ನಾಕ ಉಳದಾವ. ನಕಲು ಸರಿ ಬಂದೇತಿಲ್ಲ ಅಂತ ಒಂದ ಹಚ್ಚಿ ನೋಡ್ತೇನಿ, ಗದ್ಲಾ ಮಾಡಬ್ಯಾಡ್ರಿ." ಕೈಗೆ ಸಿಕ್ಕ ಒಂದನ್ನು ಹಚ್ಚಿದಳು.

ಮುದುಕಿಯ ದನಿ ಹೊರಗೆ ಬಂತು, ನಿಧಾನವಾಗಿ, ನಡುನಡುವೆ ಕೆಮ್ಮುತ್ತ.

"ನನ್ನ ಹೆಸರ ಬಾನುಬಿ. ಓದಿ ಹೇಳ್ರಿ ಸಾಹೇಬ ಅಂದೆ. ಹೊತ್ತಾಗೇತಿ ಒತ್ತಬೇ ಅಂದ್ರು. ಏನೈತಿ ಹೇಳ್ರಿ, ಒತ್ತತೇನಿ ಅಂದೆ. ಅವರ ನನ್ನ ಕೈ ಹಿಡದು ಒತ್ತಿದ್ರು. ಹೆಬ್ಬೆಟ್ಟ ನಂದು. ಒತ್ತಿದಾಕಿ ನಾ ಅಲ್ಲ."

ಪೀರಬಿ ಬಕೀಟನ್ನು ಕೆಳಗಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬಾನುಬಿ ಅವಳ ತಾಯಿ. ತೀರಿಕೊಂಡು ಏಳು ವರ್ಷ. ಪೀರಬಿಯದು ಹಳೆಯ ಗುಂಡಿ ಫೋನು, ಅದರಲ್ಲಿ ಸರ್ವರಿನ ದನಿ ಬರುವುದಿಲ್ಲ. ಒಂಬತ್ತು ವರ್ಷ ಈ ಗೋಡೆಯಾಚೆಯ ಪೆಟ್ಟಿಗೆಯಲ್ಲಿದ್ದ ತಾಯಿಯ ದನಿಯನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ನಾವೂ ಕರೆದು ಕೇಳಿಸಿರಲಿಲ್ಲ. ಇದನ್ನು ನಡಾವಳಿಯಲ್ಲಿ ಬರೆಯಬೇಕು.

ಮೊದಲು ಎದ್ದವರು ಸಾಹೇಬರು. ಅವರು ಕೆಟ್ಟವರಲ್ಲ, ಅವರ ಫೋನು ಅರ್ಧ ಗಂಟೆಯಿಂದ ಬಡಿದುಕೊಳ್ಳುತ್ತಿತ್ತು.

"ಆತು, ಕೇಳಿದ್ವಿ. ಇಪ್ಪತ್ತೆರಡು ಸಾಕು. ಮ್ಯಾಲಿಂದ ಫೋನ್ ಬರಾಕತ್ತಾವ. ಈ ಹೆಣ್ಣಮಕ್ಕಳು ಮುಂಜಾನಿಂದ ನೀರಿಲ್ದ ಬಿಸಲಾಗ ನಿಂತಾರ, ಅವರ ಮಾರಿನರ ನೋಡು. ನಾ ಆರ್ಡರ್ ಮಾಡಾಕತ್ತೇನಿ ಚಂದ್ರಾಮ. ಫ್ಯೂಜ್ ತಗಿ, ಮೋಟರ್ ಹಾಕು. ಪೀರಬಿ, ಬಕೀಟ ತಗೊಂಡು ನಳದ ಕಡೆ ನಡಿ."

ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ಬಲು ಕೆಟ್ಟದ್ದು. ಚಂದ್ರಾಮನ ಕೈ ಅವನನ್ನು ಕೇಳದೆಯೇ ಕಿಸೆಯೊಳಗೆ ಹೋಯಿತು.

ಪೀರಬಿ ಬಕೀಟು ಎತ್ತಿದಳು. ನಳದ ಕಡೆ ಹೋಗಲಿಲ್ಲ. ಚಂದ್ರಾಮನ ಹೊಸ್ತಿಲಿಗೆ ಅಡ್ಡವಾಗಿ ಬೋರಲು ಹಾಕಿ, ಅದರ ಮೇಲೆ ಕುಳಿತಳು. ಅವಳ ಹಿಂದೆ ಇನ್ನೊಂದು ಬಕೀಟು ಬೋರಲಾಯಿತು, ಇನ್ನೊಂದು ಕೊಡ, ಮತ್ತೊಂದು.

"ನಮ್ಮವ್ವ ದಾಟ್ಯಾಳ್ರಿ ಸಾಹೇಬ" ಎಂದಳು. "ಇನ್ನ ನಾಕ ಮಂದಿ ಆಚಿ ದಂಡ್ಯಾಗ ಅದಾರ. ಅವ್ರು ಬರೂತನಕ ನಮಗ ನೀರ ಬ್ಯಾಡ. ಏ ಚಂದ್ರಾಮಣ್ಣ, ಕಿಸೇದಾಗಿಂದ ಕೈ ತಗಿ."